ಒಂದೇ ಗೇಮ್, ಏಳು ಆಲ್ಬಮ್: ಗೇಮ್ ಸಂಗೀತದ ಆವೃತ್ತಿಗಳನ್ನು ವಿಂಗಡಿಸುವ ಬಗೆ

ಕ್ರೋನೊ ಟ್ರಿಗರ್ ಎಂಬ ಜಪಾನಿ ಗೇಮ್ 1995ರ ಮಾರ್ಚ್‌ನಲ್ಲಿ ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಕನ್ಸೋಲಿಗೆ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ, ಬಂತು. ಅದರ ಸಂಗೀತ ಕೇಳೋಣ ಅಂತ ಇವತ್ತು ಹುಡುಕಲು ಹೊರಟರೆ ಒಂದು ರಾಶಿ ಆಲ್ಬಮ್ ಎದುರಾಗುತ್ತದೆ. 1995ರ ಮೂರು ಸಿಡಿಗಳ 'ಒರಿಜಿನಲ್ ಸೌಂಡ್ ವರ್ಷನ್'. ಅದೇ ವರ್ಷ ಬಂದ 'ದಿ ಬ್ರಿಂಕ್ ಆಫ್ ಟೈಮ್'. 1999ರಲ್ಲಿ ಪ್ಲೇಸ್ಟೇಷನ್ ಆವೃತ್ತಿಯದೊಂದು ಆಲ್ಬಮ್. 2004ರಲ್ಲಿ ಮತ್ತೆ ಮೂರು ಸಿಡಿ. 2008ರಲ್ಲಿ ಎರಡೇ ಟ್ರ್ಯಾಕಿನ ಒಂದು ಆರ್ಕೆಸ್ಟ್ರಾ ಸಿಡಿ, ಅದೂ ನಿಂಟೆಂಡೊ ಡಿಎಸ್ ಗೇಮನ್ನು ಮುಂಗಡ ಬುಕ್ ಮಾಡಿದವರಿಗೆ. 2009ರಲ್ಲಿ ಡಿವಿಡಿ ಸಮೇತ ಇನ್ನೊಂದು ಸೆಟ್. 2019ರಲ್ಲಿ ಬ್ಲೂ-ರೇ. ಎಲ್ಲದರ ಮೇಲೂ ಅದೇ ಗೇಮಿನ ಹೆಸರು. ಇವುಗಳಲ್ಲಿ ಯಾವುದು ಬೇರೆ ಸಂಗೀತ? ಯಾವುದು ಅದೇ ಸಂಗೀತದ ಹೊಸ ಡಬ್ಬಿ?

ಸಿನಿಮಾ ಹಾಡುಗಳಲ್ಲಿ ಈ ಗೊಂದಲ ಇಷ್ಟು ಇರುವುದಿಲ್ಲ. ಹಾಡನ್ನು ಸ್ಟುಡಿಯೋದಲ್ಲಿ ಹಾಡಿಸಿ ರೆಕಾರ್ಡ್ ಮಾಡುತ್ತಾರೆ. ಸಿನಿಮಾ, ಕ್ಯಾಸೆಟ್, ಸಿಡಿ ಎಲ್ಲಕ್ಕೂ ಹೆಚ್ಚಾಗಿ ಅದೇ ರೆಕಾರ್ಡಿಂಗ್ ಹೋಗುತ್ತದೆ. ಗೇಮ್ ಸಂಗೀತದ ಕಥೆ ಬೇರೆ. ತೊಂಬತ್ತರ ದಶಕದ ನಡುವಿನವರೆಗೂ ಬಹುತೇಕ ಗೇಮ್‌ಗಳ ಒಳಗೆ ರೆಕಾರ್ಡಿಂಗ್ ಅನ್ನುವುದೇ ಇರಲಿಲ್ಲ. ಯಾವ ಸ್ವರ, ಯಾವ ವಾದ್ಯ, ಎಷ್ಟು ಹೊತ್ತು ಎಂಬ ಸೂಚನೆಗಳು ಮಾತ್ರ ಇರುತ್ತಿದ್ದವು. ಅದನ್ನು ಓದಿ ನುಡಿಸುತ್ತಿದ್ದುದು ಕನ್ಸೋಲಿನ ಚಿಪ್, ಪ್ರತಿ ಸಲವೂ ಹೊಸದಾಗಿ. ಹಾಗಾಗಿ ಆಲ್ಬಮ್ ಅನ್ನುವುದು ಗೇಮಿನ ಸಂಗೀತವನ್ನು ಯಾರೋ ಒಂದು ರೀತಿಯಲ್ಲಿ ಹಿಡಿದಿಟ್ಟ ದಾಖಲೆ. ಹಿಡಿದಿಡುವ ರೀತಿ ಬದಲಾದಂತೆಲ್ಲ ಆವೃತ್ತಿಗಳು ಹುಟ್ಟುತ್ತಾ ಹೋದವು.

ಸೂಪರ್ ಫ್ಯಾಮಿಕಾಮನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅದರ ಸೌಂಡ್ ಚಿಪ್ ಒಟ್ಟಿಗೆ ಎಂಟು ಧ್ವನಿಗಳನ್ನು ನುಡಿಸಬಲ್ಲದು. ಸೌಂಡಿಗೆ ಅಂತ ಇರುವ ಮೆಮೊರಿ ಬರೀ 64 ಕಿಲೋಬೈಟ್. ವಾದ್ಯಗಳ ತುಣುಕು ಸ್ಯಾಂಪಲ್‌ಗಳು, ಸ್ವರಗಳ ಸೂಚನೆ, ಅದನ್ನು ನಡೆಸುವ ಪ್ರೋಗ್ರಾಮ್ ಎಲ್ಲವೂ ಅಷ್ಟರೊಳಗೇ ಹಿಡಿಯಬೇಕು. ಫೋನಿನಲ್ಲಿ ತೆಗೆದ ಒಂದು ಫೋಟೋ ಇದರ ಹತ್ತಾರು ಪಟ್ಟು ದೊಡ್ಡದಿರುತ್ತದೆ. ಅಭಿಮಾನಿಗಳು ಈ ಮೆಮೊರಿಯನ್ನು ಹಾಗೇ ಎತ್ತಿ ಎಸ್‌ಪಿಸಿ ಎಂಬ ಫೈಲುಗಳಾಗಿ ಇಟ್ಟುಕೊಂಡಿದ್ದಾರೆ. ಸರಿಯಾದ ಪ್ಲೇಯರಿನಲ್ಲಿ ಹಾಕಿದರೆ ಅದು ಕನ್ಸೋಲಿನ ಹಾಗೆಯೇ, ನಿಲ್ಲಿಸುವವರೆಗೂ ನುಡಿಯುತ್ತಲೇ ಇರುತ್ತದೆ.

ನಿಲ್ಲದೆ ನುಡಿಯುವುದೇ ಆಲ್ಬಮ್ ಮಾಡುವವರಿಗೆ ಮೊದಲ ತೊಡಕು. ಗೇಮಿನ ಸಂಗೀತಕ್ಕೆ ಕೊನೆಯಿಲ್ಲ, ಕೊನೆಗೆ ಬಂದ ಕೂಡಲೇ ಮತ್ತೆ ಶುರುವಾಗುತ್ತದೆ. ಸಿಡಿಯಲ್ಲಿ ಎಲ್ಲೋ ಒಂದು ಕಡೆ ಮುಗಿಸಲೇಬೇಕು. ಸಾಮಾನ್ಯವಾಗಿ ಎರಡು ಸುತ್ತು ನುಡಿಸಿ, ಮೂರನೆಯದರ ಆರಂಭದಲ್ಲಿ ಮೆಲ್ಲಗೆ ಸದ್ದು ಇಳಿಸುತ್ತಾರೆ. ಜಾಗ ಸಾಲದಿದ್ದರೆ ಒಂದೇ ಸುತ್ತು. ಇದು ಸಣ್ಣ ವಿಷಯದಂತೆ ಕಂಡರೂ ಆವೃತ್ತಿ ಪತ್ತೆಹಚ್ಚಲು ಇದರಷ್ಟು ಒಳ್ಳೆಯ ಸುಳಿವು ಇನ್ನೊಂದಿಲ್ಲ. ಎರಡು ಆಲ್ಬಮ್‌ಗಳ ಪ್ರತಿ ಟ್ರ್ಯಾಕಿನ ಅವಧಿಯೂ ಸೆಕೆಂಡ್ ಲೆಕ್ಕದಲ್ಲಿ ಹೊಂದಿಕೊಂಡರೆ, ಅದು ಅದೇ ರೆಕಾರ್ಡಿಂಗಿನ ಮರುಮುದ್ರಣ ಇರುವ ಸಾಧ್ಯತೆ ಜಾಸ್ತಿ. ಒಂದು ಟ್ರ್ಯಾಕ್ ಎಂಟು ಸೆಕೆಂಡ್ ಹೆಚ್ಚು, ಇನ್ನೊಂದು ಅರ್ಧ ನಿಮಿಷ ಕಡಿಮೆ ಅಂತಾದರೆ ಯಾರೋ ಮತ್ತೆ ಚಿಪ್‌ನಿಂದ ರೆಕಾರ್ಡ್ ಮಾಡಿದ್ದಾರೆ, ಇಲ್ಲವೇ ಕತ್ತರಿಸಿದ್ದಾರೆ. 2024ರಲ್ಲಿ ಬಂದ ನಿಂಟೆಂಡೊ ಮ್ಯೂಸಿಕ್ ಆಪ್ ಈ ಆಯ್ಕೆಯನ್ನು ಕೇಳುವವರ ಕೈಗೇ ಕೊಟ್ಟಿತು. ಅದರಲ್ಲಿ ಹಲವು ಟ್ರ್ಯಾಕ್‌ಗಳನ್ನು ಒಂದು ಗಂಟೆಯವರೆಗೂ ಹಿಗ್ಗಿಸಿ ಕೇಳಬಹುದು.

ಆಲ್ಬಮ್ ಮತ್ತು ಗೇಮ್ ಒಂದಕ್ಕೊಂದು ಸರಿಸಮ ಅಂತಲೂ ಅಂದುಕೊಳ್ಳಬಾರದು. ಕ್ರೋನೊ ಟ್ರಿಗರ್‌ನ 1995ರ ಸಿಡಿಯಲ್ಲಿ 'ಸಿಂಗಿಂಗ್ ಮೌಂಟನ್' ಎಂಬ ಟ್ರ್ಯಾಕ್ ಇದೆ. ಆ ವರ್ಷದ ಗೇಮಿನಲ್ಲಿ ಅದು ಎಲ್ಲೂ ಕೇಳಿಸುವುದಿಲ್ಲ. ಮೈನ್‌ಕ್ರಾಫ್ಟ್‌ನ 2011ರ 'ವಾಲ್ಯೂಮ್ ಆಲ್ಫಾ' ಆಲ್ಬಮಿನಲ್ಲೂ ಗೇಮಿನೊಳಗೆ ಇಲ್ಲದ ತುಣುಕುಗಳಿವೆ. 'ಒರಿಜಿನಲ್ ಸೌಂಡ್‌ಟ್ರ್ಯಾಕ್' ಅಂತ ಮೇಲೆ ಬರೆದ ಮಾತ್ರಕ್ಕೆ ಗೇಮಿನಲ್ಲಿ ಕೇಳಿದ್ದೆಲ್ಲ ಅದರಲ್ಲಿದೆ ಅಂತಾಗಲಿ, ಅದರಲ್ಲಿರುವುದೆಲ್ಲ ಗೇಮಿನಲ್ಲಿ ಇತ್ತು ಅಂತಾಗಲಿ ಹೇಳಲಾಗದು.

ಇನ್ನೊಂದು ತೊಡಕು ಯಂತ್ರದ್ದು. ಕಾಸಲ್‌ವೇನಿಯಾ ಸರಣಿಯ ಮೂರನೆಯ ಗೇಮ್ 1989ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂತು. ಅದು ಬಂದದ್ದು ಸೂಪರ್ ಫ್ಯಾಮಿಕಾಮಿಗೂ ಹಿಂದಿನ ಫ್ಯಾಮಿಕಾಮ್ ಕನ್ಸೋಲಿಗೆ. ಅದರಲ್ಲಿ ಇರುವುದು ಐದು ಚಾನೆಲ್, ಅಂದರೆ ಒಟ್ಟಿಗೆ ನುಡಿಯಬಲ್ಲ ಐದು ಧ್ವನಿ. ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಮತ್ತೆ ಸಣ್ಣ ಸ್ಯಾಂಪಲ್ ನುಡಿಸುವುದೊಂದು. ಇದು ಸಾಲದು ಅಂತ ಗೇಮ್ ಮಾಡಿದ ಕೊನಾಮಿ ಕಂಪನಿಯವರು ಕಾರ್ಟ್ರಿಜ್ ಒಳಗೇ ವಿಆರ್‌ಸಿ6 ಎಂಬ ಇನ್ನೊಂದು ಚಿಪ್ ಇಟ್ಟರು. ಅದರಿಂದ ಇನ್ನೂ ಮೂರು ಧ್ವನಿ ಸೇರಿದವು. ಎರಡು ಪಲ್ಸ್, ಒಂದು ದಪ್ಪನೆಯ ಗರಗಸ ಅಲೆ. ಕೇಳಿದರೆ ಅಷ್ಟು ತುಂಬಿದ ಸಂಗೀತ ಆ ಪುಟ್ಟ ಯಂತ್ರದಿಂದ ಬಂತಾ ಅನ್ನಿಸುತ್ತದೆ. ಆದರೆ ಫ್ಯಾಮಿಕಾಮಿನ ಅಮೆರಿಕದ ರೂಪವಾದ ಎನ್‌ಇಎಸ್ ಕನ್ಸೋಲಿನಲ್ಲಿ ಕಾರ್ಟ್ರಿಜ್‌ನಿಂದ ಬರುವ ಸೌಂಡನ್ನು ಹಾಗೇ ಬೆರೆಸಿಕೊಳ್ಳುವ ವ್ಯವಸ್ಥೆ ಇರಲಿಲ್ಲ. 1990ರಲ್ಲಿ ಅಲ್ಲಿ ಬಂದ ಗೇಮಿಗೆ ಅದೇ ರಾಗಗಳನ್ನು ಐದು ಚಾನೆಲ್‌ಗೆ ಇಳಿಸಿ ಮತ್ತೆ ಜೋಡಿಸಬೇಕಾಯಿತು. ಎರಡೂ 'ಒರಿಜಿನಲ್', ಎರಡೂ ಬೇರೆ ಬೇರೆ ಸದ್ದು. ಆಲ್ಬಮಿನ ಮೇಲೆ ಫ್ಯಾಮಿಕಾಮ್ ಅಥವಾ ಎನ್‌ಇಎಸ್ ಅಂತ ಬರೆದಿದ್ದರೆ ಅದನ್ನು ಸುಮ್ನೆ ಬಿಡಬೇಡಿ. ಇಲ್ಲಿ ಆವೃತ್ತಿಯ ಗುರುತೇ ಅದು.

ವೇಗವೂ ಬದಲಾಗುತ್ತದೆ. ಹಳೆಯ ಗೇಮ್‌ಗಳಲ್ಲಿ ಸಂಗೀತದ ತಾಳ ಟಿವಿ ಪರದೆ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದಕ್ಕೆ ಅಂಟಿಕೊಂಡಿರುತ್ತಿತ್ತು. ಜಪಾನ್, ಅಮೆರಿಕದ ಟಿವಿಗಳದ್ದು 60, ಯೂರೋಪಿನದು 50. ಪ್ರೋಗ್ರಾಮ್ ಬರೆಯುವವರು ಇದನ್ನು ಸರಿಪಡಿಸದಿದ್ದರೆ ಯೂರೋಪಿನಲ್ಲಿ ಸಂಗೀತ ಸುಮಾರು ಶೇ 17ರಷ್ಟು ನಿಧಾನ. 1991ರ ಮೊದಲ ಸೋನಿಕ್ ಗೇಮಿಗೆ ಹೀಗೇ ಆಯಿತು. ತಾಳ ನಿಧಾನವಾದರೂ ಶ್ರುತಿ ಕೆಳಗಿಳಿಯುವುದಿಲ್ಲ, ಯಾಕೆಂದರೆ ಶ್ರುತಿಯನ್ನು ನಿರ್ಧರಿಸುವುದು ಸೌಂಡ್ ಚಿಪ್ಪಿನ ಗಡಿಯಾರ. ಕ್ಯಾಸೆಟ್ ನಿಧಾನವಾಗಿ ಓಡಿದರೆ ಧ್ವನಿಯೂ ದಪ್ಪವಾಗುತ್ತದೆ, ಇದು ಹಾಗಲ್ಲ.

ನಮ್ಮ ಕಡೆಗೂ ಈ ವಿಷಯ ತಾಗುತ್ತದೆ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ಸಿಗುತ್ತಿದ್ದ 'ಟಿವಿ ವಿಡಿಯೋ ಗೇಮ್'ಗಳಲ್ಲಿ ಬಹಳಷ್ಟು ಫ್ಯಾಮಿಕಾಮಿನ ನಕಲು. ಲಕ್ಷಗಟ್ಟಲೆ ಗೇಮ್ ಇದೆ ಅಂತ ಮೇಲೆ ಬರೆದು, ಒಳಗೆ ಅದೇ ಮಾರಿಯೋ, ಕಾಂಟ್ರಾ ತಿರುಗಿಸಿ ತಿರುಗಿಸಿ ತುಂಬಿರುತ್ತಿದ್ದ ಕಾರ್ಟ್ರಿಜ್‌ಗಳು ನೆನಪಿರಬೇಕಲ್ವಾ? ನಮ್ಮ ಟಿವಿಗಳೂ 50ರವೇ. ಅದರ ಮೇಲೆ ಕೆಲವು ನಕಲು ಚಿಪ್‌ಗಳಲ್ಲಿ ಪಲ್ಸ್ ಚಾನೆಲ್‌ನ ಎರಡು ಬಗೆಯ ನಾದ ಅದಲುಬದಲಾಗಿರುತ್ತಿತ್ತು. ಆ ಯಂತ್ರಗಳಲ್ಲಿ ಆಡಿ ಬೆಳೆದವರಿಗೆ ಜಪಾನಿನ ಅಧಿಕೃತ ಸಿಡಿ ಹಾಕಿದರೆ 'ಇದು ಯಾಕೋ ಅವಸರದಲ್ಲಿದೆ' ಅನ್ನಿಸಬಹುದು. ಕಿವಿಯದೇನೂ ತಪ್ಪಿಲ್ಲ. ಅವರು ಕೇಳಿದ್ದು ಯಾವ ಆಲ್ಬಮಿನಲ್ಲೂ ಬರದ ಒಂದು ಆವೃತ್ತಿ.

ಪಿಸಿ ಗೇಮ್‌ಗಳಲ್ಲಿ ಇದು ಇನ್ನೂ ಮುಂದಕ್ಕೆ ಹೋಯಿತು. 1993ರ ಡೂಮ್ ಗೇಮಿನ ಸಂಗೀತ ಮಿಡಿ ರೂಪದ್ದು, ಅಂದರೆ ಸ್ವರಗಳ ಸೂಚನೆ. ಗಿಟಾರ್, ಡ್ರಮ್ ಎಲ್ಲವನ್ನೂ ನುಡಿಸಬೇಕಾದದ್ದು ಆಡುವವರ ಸೌಂಡ್ ಕಾರ್ಡ್. ಅಗ್ಗದ ಕಾರ್ಡಿನಲ್ಲಿ ಒಂದು ಸದ್ದು, ರೋಲ್ಯಾಂಡ್ ಕಂಪನಿಯ ಮಾಡ್ಯೂಲ್ ಇದ್ದವರ ಮನೆಯಲ್ಲಿ ಬೇರೆಯೇ ಸದ್ದು. ಬಾಬಿ ಪ್ರಿನ್ಸ್ ಬರೆದದ್ದು ಒಂದೇ, ಜನ ಕೇಳಿದ್ದು ಹಲವು. ಇಂಥ ಕಡೆ 'ಅಸಲಿ ಯಾವುದು' ಅಂತ ಜಗಳಕ್ಕೆ ನಿಲ್ಲುವುದಕ್ಕಿಂತ 'ಯಾವ ಯಂತ್ರದಿಂದ ರೆಕಾರ್ಡ್ ಆದದ್ದು' ಅಂತ ಬರೆದಿಡುವುದು ಮೇಲು.

ಇಷ್ಟೆಲ್ಲ ಗೋಜಲನ್ನು ಬಿಡಿಸಲು ಒಂದು ಒಳ್ಳೆಯ ದಾರಿಯನ್ನು ಮ್ಯೂಸಿಕ್‌ಬ್ರೇನ್ಸ್ ಎಂಬ ಮುಕ್ತ ದತ್ತಸಂಗ್ರಹ ಪಾಲಿಸುತ್ತದೆ. ಅಲ್ಲಿ ರಚನೆ ಬೇರೆ, ರೆಕಾರ್ಡಿಂಗ್ ಬೇರೆ, ಬಿಡುಗಡೆ ಬೇರೆ. ದಾಸರ ಪದವೊಂದನ್ನು ನೆನಪಿಸಿಕೊಂಡರೆ ಇದು ತಟ್ಟನೆ ಅರ್ಥವಾಗುತ್ತದೆ. ಪದ ಒಂದೇ. ಅದನ್ನು ಇಬ್ಬರು ಗಾಯಕರು ಹಾಡಿದರೆ ಎರಡು ರೆಕಾರ್ಡಿಂಗ್. ಒಬ್ಬರು ಹಾಡಿದ್ದೇ ಮೊದಲು ಕ್ಯಾಸೆಟ್ಟಾಗಿ, ಆಮೇಲೆ ಸಿಡಿಯಾಗಿ ಬಂದರೆ ಒಂದು ರೆಕಾರ್ಡಿಂಗ್, ಎರಡು ಬಿಡುಗಡೆ. ಒಂದೇ ಆಲ್ಬಮಿನ ಬೇರೆ ಬೇರೆ ಬಿಡುಗಡೆಗಳನ್ನೆಲ್ಲ ಒಂದು ಗುಂಪಿನಡಿ ಇಡುತ್ತಾರೆ. ಬರೀ ಮಾಸ್ಟರಿಂಗ್ ಬದಲಾದರೆ, ಅಂದರೆ ಸದ್ದಿನ ಮಟ್ಟ, ಹೊಳಪು ತಿದ್ದಿದ್ದರೆ, ಮ್ಯೂಸಿಕ್‌ಬ್ರೇನ್ಸ್ ಅದನ್ನು ಹೊಸ ರೆಕಾರ್ಡಿಂಗ್ ಅಂತ ಎಣಿಸುವುದಿಲ್ಲ. ಮಿಕ್ಸ್, ಅಂದರೆ ವಾದ್ಯ, ದನಿಗಳನ್ನು ಬೆರೆಸಿದ ರೀತಿ, ಬದಲಾದರೆ ಎಣಿಸುತ್ತದೆ.

ನನ್ನ ಅಭಿಪ್ರಾಯದಲ್ಲಿ ವಿಂಗಡಣೆಯನ್ನು ಸದ್ದಿನಿಂದ ಶುರುಮಾಡಬೇಕು, ಕವರನ್ನು ಕೊನೆಗೆ ನೋಡಬೇಕು. ಬಹಳ ಜನ ಮಾಡುವುದು ಉಲ್ಟಾ. ಹೆಸರು ನೋಡಿ, ಚಿತ್ರ ನೋಡಿ, 'ರೀಮಾಸ್ಟರ್' ಅಂತ ಬರೆದಿದ್ದರೆ ಅದನ್ನೇ ನಂಬಿ ವಿಂಗಡಿಸುತ್ತಾರೆ. ಫೈನಲ್ ಫ್ಯಾಂಟಸಿಯ ಮೊದಲ ಆರು ಗೇಮ್‌ಗಳು 2021ರಿಂದ 'ಪಿಕ್ಸೆಲ್ ರೀಮಾಸ್ಟರ್' ಎಂಬ ಹೆಸರಿನಲ್ಲಿ ಮತ್ತೆ ಬಂದವು. ಹೆಸರು ಕೇಳಿದರೆ ಹಳೆಯ ಸಂಗೀತವನ್ನೇ ಸ್ವಚ್ಛ ಮಾಡಿದ್ದಾರೆ ಅನ್ನಿಸುತ್ತದೆ. ನಿಜಕ್ಕೂ ಅದು ಮೂಲ ಸಂಗೀತ ಬರೆದ ನೊಬುವೊ ಉಎಮಾಟ್ಸು ಅವರ ಮೇಲ್ವಿಚಾರಣೆಯಲ್ಲಿ ಪೂರ್ತಿ ಹೊಸದಾಗಿ ಅರೇಂಜ್ ಮಾಡಿದ, ಅಂದರೆ ಅದೇ ರಾಗಗಳನ್ನು ಬೇರೆ ವಾದ್ಯ, ಬೇರೆ ಜೋಡಣೆಯಲ್ಲಿ ಕೂರಿಸಿದ ಸಂಗೀತ. 2023ರಲ್ಲಿ ಕನ್ಸೋಲಿಗೆ ಬಂದಾಗ ಹಳೆಯದಕ್ಕೂ ಹೊಸದಕ್ಕೂ ಬದಲಾಯಿಸಿಕೊಳ್ಳುವ ಸ್ವಿಚ್ಚನ್ನೇ ಕೊಟ್ಟರು. ಎರಡೂ ಬೇರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅರೇಂಜ್‌ಮೆಂಟ್ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು, ಯಾಕೆಂದರೆ ಅನ್ಯಾಯ ಆಗುವುದು ಇಲ್ಲೇ. ಕ್ರೋನೊ ಟ್ರಿಗರ್ ಅಂದರೆ ಎಲ್ಲರೂ ಹೇಳುವುದು ಯಾಸುನೊರಿ ಮಿಟ್ಸುಡಾ ಹೆಸರು. ಅವರು ಆ ಕೆಲಸದ ನಡುವೆ ಹೊಟ್ಟೆಹುಣ್ಣಿನಿಂದ ಆಸ್ಪತ್ರೆ ಸೇರಿದರು. ಉಳಿದ ಟ್ರ್ಯಾಕ್‌ಗಳನ್ನು ಮಾಡಿಕೊಟ್ಟವರು ಉಎಮಾಟ್ಸು. ಒಂದರಲ್ಲಿ ನೊರಿಕೊ ಮಾಟ್ಸುಯೆಡಾ ಅವರ ಕೈಯಿದೆ. 'ದಿ ಬ್ರಿಂಕ್ ಆಫ್ ಟೈಮ್' ಆಲ್ಬಮಿನಲ್ಲಿ ಅದೇ ರಾಗಗಳನ್ನು ಗುಯಿಡೊ ಎಂಬ ತಂಡ ಆಸಿಡ್ ಜಾಸ್ ಎಂಬ ಸಂಗೀತ ಶೈಲಿಗೆ ಬದಲಾಯಿಸಿತು. 1999ರ ಪ್ಲೇಸ್ಟೇಷನ್ ಆಲ್ಬಮಿನಲ್ಲಿ ಇರುವುದು ಆ ಆವೃತ್ತಿಗೆ ಸೇರಿಸಿದ ಅನಿಮೇಷನ್ ದೃಶ್ಯಗಳಿಗಾಗಿ ತ್ಸುಯೋಶಿ ಸೆಕಿಟೊ ಅರೇಂಜ್ ಮಾಡಿದ್ದು. 2008ರ ಆ ಎರಡು ಟ್ರ್ಯಾಕ್‌ಗಳನ್ನು ಆರ್ಕೆಸ್ಟ್ರಾಗೆ ಕೂರಿಸಿದವರು ನಾಟ್ಸುಮಿ ಕಾಮೆಯೋಕಾ. ಎಲ್ಲವನ್ನೂ 'ಕ್ರೋನೊ ಟ್ರಿಗರ್, ಮಿಟ್ಸುಡಾ' ಅಂತ ಒಂದೇ ಚೀಲಕ್ಕೆ ತುಂಬಿದರೆ ಇಷ್ಟು ಜನರ ದುಡಿಮೆ ಅಳಿಸಿಹೋಗುತ್ತದೆ. 2004ರ ಮೂರು ಸಿಡಿಗಳಿಗೆ ಮಾತ್ರ ಈ ಪ್ರಶ್ನೆ ಬರುವುದಿಲ್ಲ. ಅದು 1995ರದ್ದೇ, ಪ್ರಕಾಶಕರು ಬದಲು. ಮೊದಲಿನದು ಎನ್‌ಟಿಟಿ ಪಬ್ಲಿಷಿಂಗ್, ಆಮೇಲಿನದು ಸ್ಕ್ವೇರ್ ಎನಿಕ್ಸ್.

ಇದಕ್ಕೆ ವಿರುದ್ಧ ಉದಾಹರಣೆ ಡ್ರ್ಯಾಗನ್ ಕ್ವೆಸ್ಟ್ ಎಂಬ ಗೇಮ್ ಸರಣಿ. ಕೊಯಿಚಿ ಸುಗಿಯಾಮಾ ತಮ್ಮ ಗೇಮ್ ಸಂಗೀತವನ್ನು ಆರ್ಕೆಸ್ಟ್ರಾ ಸೂಟ್, ಅಂದರೆ ಸಾಲಾಗಿ ನುಡಿಸುವ ರಚನೆಗಳ ಗುಚ್ಛದ ರೂಪದಲ್ಲಿ ತಾವೇ ಬರೆದರು. ಮೊದಲ ಗೇಮಿನ ಸೂಟನ್ನು 1986ರಲ್ಲಿ ಟೋಕಿಯೋದ ಒಂದು ತಂತಿವಾದ್ಯ ತಂಡ ನುಡಿಸಿತು. ಮುಂದೆ ಲಂಡನ್ ಫಿಲ್‌ಹಾರ್ಮೋನಿಕ್ ನುಡಿಸಿತು, ಟೋಕಿಯೋ ಮೆಟ್ರೊಪಾಲಿಟನ್ ಸಿಂಫನಿಯೂ ನುಡಿಸಿತು. ಇಲ್ಲಿ ಆಲ್ಬಮ್‌ಗಳನ್ನು ಬೇರೆ ಮಾಡುವುದು ಮುಖ್ಯವಾಗಿ ವಾದ್ಯವೃಂದದ ಹೆಸರು. ಅದಿಲ್ಲದೆ 'ಸಿಂಫನಿಕ್ ಸೂಟ್ ಡ್ರ್ಯಾಗನ್ ಕ್ವೆಸ್ಟ್' ಅಂತಷ್ಟೇ ಬರೆದರೆ ಯಾವುದು ಯಾವುದೆಂದು ಯಾರಿಗೂ ತಿಳಿಯದು.

ಅಭಿಮಾನಿಗಳು ಮಾಡುವ ಅರೇಂಜ್‌ಮೆಂಟ್‌ಗಳನ್ನು ಅಧಿಕೃತ ಆಲ್ಬಮ್‌ಗಳಿಂದ ಬೇರೆ ಇಡಬೇಕು, ಆದರೆ ಕಡೆಗಣಿಸಬಾರದು. 'ಬ್ಯಾಡ್ ಆಪಲ್' ಎಂಬ ಹಾಡನ್ನು ಲಕ್ಷಾಂತರ ಜನ ಗುರುತಿಸುತ್ತಾರೆ. ಅವರು ಗುರುತಿಸುವುದು ಆಲ್‌ಸ್ಟ್ರೊಮೀರಿಯಾ ರೆಕಾರ್ಡ್ಸ್ ಎಂಬ ದೋಜಿನ್ ತಂಡ, ಅಂದರೆ ಸ್ವಂತವಾಗಿ ಆಲ್ಬಮ್ ಮಾಡಿ ಹಂಚುವ ಅಭಿಮಾನಿಗಳ ತಂಡ, 2007ರಲ್ಲಿ ಹೊರತಂದ, ದನಿ ಸೇರಿಸಿದ ಆವೃತ್ತಿ. ಮೂಲ ರಾಗ ಜುನ್ ಅವರದು, 1998ರ ತೋಹೋ ಗೇಮಿನದು. ಅದರಲ್ಲಿ ಹಾಡುವ ದನಿಯೇ ಇಲ್ಲ.

ಇನ್ನು ಕೆಲವು ಕಡೆ ರಚನೆಯೇ ಬೇರೆ. 1993ರ ಸೋನಿಕ್ ಸಿಡಿ ಗೇಮಿಗೆ ಜಪಾನ್ ಮತ್ತು ಯೂರೋಪಿನಲ್ಲಿ ಒಂದು ಸಂಗೀತ, ಅಮೆರಿಕದಲ್ಲಿ ಸ್ಪೆನ್ಸರ್ ನಿಲ್ಸನ್ ಮತ್ತವರ ಜೊತೆಗಾರರು ಹೊಸದಾಗಿ ಮಾಡಿದ ಇನ್ನೊಂದು ಸಂಗೀತ. ಇವನ್ನು ಒಂದು ಆಲ್ಬಮಿನ ಎರಡು ಆವೃತ್ತಿ ಅನ್ನುವುದು ತಪ್ಪು. 'ವಾಲ್ಯೂಮ್' ಎಂಬ ಪದಕ್ಕೂ ಇದೇ ಎಚ್ಚರಿಕೆ. ಹೇಲೋ 2 ಗೇಮಿನ ಸಂಗೀತದ ಮೊದಲ ವಾಲ್ಯೂಮ್ 2004ರಲ್ಲಿ, ಎರಡನೆಯದು 2006ರಲ್ಲಿ ಬಂತು. ಅವು ಬೇರೆ ಬೇರೆ ಆಲ್ಬಮ್‌ಗಳು.

ಈಗ ಡಬ್ಬಿಯ ಕಡೆ ಬರೋಣ. ಫೈನಲ್ ಫ್ಯಾಂಟಸಿ 7ರ ಸೌಂಡ್‌ಟ್ರ್ಯಾಕ್ 1997ರ ಫೆಬ್ರವರಿ 10ರಂದು ಬಂತು. ನಾಲ್ಕು ಸಿಡಿ, 85 ಟ್ರ್ಯಾಕ್. ಹೊರತಂದದ್ದು ಡಿಜಿಕ್ಯೂಬ್, ಬಿಡುಗಡೆಯನ್ನು ಗುರುತಿಸಲು ಕಂಪನಿ ಕೊಡುವ ಕ್ಯಾಟಲಾಗ್ ಸಂಖ್ಯೆ ಎಸ್‌ಎಸ್‌ಸಿಎಕ್ಸ್-10004. ಡಿಜಿಕ್ಯೂಬ್ ಎಂಬುದು ಸ್ಕ್ವೇರ್ ಕಂಪನಿಯ ಅಂಗಸಂಸ್ಥೆ. ಗೇಮ್‌ಗಳನ್ನು ಜಪಾನಿನ ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಮಾರಲು 1996ರಲ್ಲಿ ಹುಟ್ಟಿದ್ದು, 2003ರ ಕೊನೆಗೆ ದಿವಾಳಿಯಾಯಿತು. ಅದರ ಸಿಡಿಗಳೆಲ್ಲ ಅಂಗಡಿಯಿಂದ ಮಾಯವಾಗುವ ಸ್ಥಿತಿ ಬಂತು. ಆಗ, ಎನಿಕ್ಸ್ ಜೊತೆ ವಿಲೀನವಾಗಿ ಸ್ಕ್ವೇರ್ ಎನಿಕ್ಸ್ ಆಗಿದ್ದ ಕಂಪನಿ ತಾನೇ ಮರುಮುದ್ರಣಕ್ಕೆ ಇಳಿಯಿತು. ಇದೇ ಆಲ್ಬಮ್ 2004ರ ಮೇ 10ರಂದು ಎಸ್‌ಕ್ಯೂಇಎಕ್ಸ್-10001ರಿಂದ 10004ರವರೆಗಿನ ಸಂಖ್ಯೆಗಳಲ್ಲಿ ಮತ್ತೆ ಬಂತು. ಹೀಗೆ ಸಾಲಾಗಿ ಸಂಖ್ಯೆ ಕೊಟ್ಟಿದ್ದರೆ ಸಾಮಾನ್ಯವಾಗಿ ಒಂದೊಂದು ಡಿಸ್ಕಿಗೆ ಒಂದೊಂದು ಎಂದರ್ಥ. ಮುಂದಿನ ಅಕ್ಷರಗಳು ಯಾರ ಸರಣಿ ಎಂದು ಹೇಳುತ್ತವೆ. ಡಿಜಿಕ್ಯೂಬ್ ಹೊರತಂದಿದ್ದ ಎಷ್ಟೋ ಸ್ಕ್ವೇರ್ ಗೇಮ್ ಸಿಡಿಗಳಿಗೆ ಎರಡು ಕ್ಯಾಟಲಾಗ್ ಸಂಖ್ಯೆ ಯಾಕಿದೆ ಅಂತ ಯಾರಾದರೂ ಕೇಳಿದರೆ, ಉತ್ತರದ ದೊಡ್ಡ ಪಾಲು ಈ ದಿವಾಳಿಯಲ್ಲಿದೆ.

ಕ್ಯಾಟಲಾಗ್ ಸಂಖ್ಯೆಯ ಜೊತೆ ನೋಡಬೇಕಾದದ್ದು ವೃತ್ತದೊಳಗಿನ ಪಿ ಮತ್ತು ಅದರ ಪಕ್ಕದ ವರ್ಷ. ಸಿ ಅನ್ನುವುದು ಮುದ್ರಿತ ವಿಷಯ, ಚಿತ್ರಗಳ ಹಕ್ಕಿಗೆ ಸೇರಿದ್ದು. ಪಿ ಧ್ವನಿಮುದ್ರಣದ್ದು. 2004ರ ಡಬ್ಬಿಯಲ್ಲಿ ಪಿ ಪಕ್ಕ 1997 ಅಂತ ಕಂಡರೆ ಒಳಗಿರುವುದು ಹಳೆಯ ರೆಕಾರ್ಡಿಂಗ್ ಎಂಬ ಸೂಚನೆ. ಸ್ಟ್ರೀಮಿಂಗ್ ಆಪ್‌ಗಳಲ್ಲಿ ಕಷ್ಟ ಬರುವುದು ಇಲ್ಲೇ. ಎಷ್ಟೋ ಸಲ ಅಲ್ಲಿ ದೊಡ್ಡದಾಗಿ ತೋರಿಸುವ ವರ್ಷ ಡಿಜಿಟಲ್ ಬಿಡುಗಡೆಯದು. ಪುಟದ ಕೆಳತುದಿಯವರೆಗೂ ಹೋಗಿ ಸಣ್ಣ ಅಕ್ಷರದ ಪಿ ಸಾಲನ್ನು ಓದಬೇಕು.

ಹೆಸರು ಬದಲಾದ ಮಾತ್ರಕ್ಕೂ ಸಂಗೀತ ಬದಲಾಗದು. ಫೈನಲ್ ಫ್ಯಾಂಟಸಿ 6ರ ಮೂರು ಸಿಡಿಗಳ ಆಲ್ಬಮ್ 1994ರಲ್ಲಿ ಜಪಾನಿನಲ್ಲಿ 'ಒರಿಜಿನಲ್ ಸೌಂಡ್ ವರ್ಷನ್' ಎಂದು ಬಂತು. ಅಮೆರಿಕದಲ್ಲಿ ಅದನ್ನೇ 'ಕೆಫ್ಕಾಸ್ ಡೊಮೇನ್' ಎಂದು ಮಾರಿದರು. ಟ್ರ್ಯಾಕ್‌ಗಳ ಹೆಸರು ಬೇರೆ, ಕವರ್ ಬೇರೆ, ಕಿವಿಗೆ ಬೀಳುವುದು ಅದೇ. ಇದು ಒಂದೇ ಗುಂಪಿನೊಳಗಿನ ಎರಡು ಬಿಡುಗಡೆ. ಕಳ್ಳಪ್ರತಿಗಳೂ ಹೀಗೇ, ಸದ್ದು ಅದೇ ಇರಬಹುದು. ಅವನ್ನು ದಾಖಲಿಸುವಾಗ 'ಅನಧಿಕೃತ' ಅಂತ ಎದ್ದು ಕಾಣುವಂತೆ ಬರೆಯಬೇಕು. ಹಳೆಯ ಸಿಡಿ ಮಾರುವ ಕಡೆ ಇವು ಅಸಲಿ ಬೆಲೆಗೆ ಹೋಗುವುದುಂಟು, ಸಂಗೀತ ಮಾಡಿದವರಿಗೆ ಅದರಿಂದ ಒಂದು ಪೈಸೆಯೂ ಸೇರಿಲ್ಲ.

ಕೊನೆಗೆ, ಯಾವ ವರ್ಗಕ್ಕೂ ಸರಿಯಾಗಿ ಹೊಂದದ ಆಲ್ಬಮ್‌ಗಳು. 1997ರ ಅಕ್ಟೋಬರಿನಲ್ಲಿ ಫೈನಲ್ ಫ್ಯಾಂಟಸಿ 7ರದ್ದೇ 'ರೀಯೂನಿಯನ್ ಟ್ರ್ಯಾಕ್ಸ್' ಬಂತು. ಅದರಲ್ಲಿ 19 ಟ್ರ್ಯಾಕ್. ಹದಿನಾರು ಗೇಮಿನವು, ಮೊದಲೇ ಬಂದ ರೆಕಾರ್ಡಿಂಗ್. ಉಳಿದ ಮೂರು ಶಿರೋ ಹಮಾಗುಚಿ ಆರ್ಕೆಸ್ಟ್ರಾಗೆ ಹೊಸದಾಗಿ ಅರೇಂಜ್ ಮಾಡಿದ್ದು. ಇದು ಒರಿಜಿನಲ್ ಸೌಂಡ್‌ಟ್ರ್ಯಾಕಾ, ಅರೇಂಜ್ ಆಲ್ಬಮಾ? ಆಲ್ಬಮಿಗೆ ಒಂದೇ ಚೀಟಿ ಅಂಟಿಸಲು ಹೋದರೆ ಎರಡೂ ತಪ್ಪಾಗುತ್ತದೆ. ಹಾಗಾಗಿ ಚೀಟಿ ಅಂಟಿಸುವುದು ಟ್ರ್ಯಾಕಿಗೆ. ನಿಮ್ಮ ಫೈಲುಗಳಲ್ಲಿ ಆಲ್ಬಮ್ ಹೆಸರಿನ ಪಕ್ಕ ಕ್ಯಾಟಲಾಗ್ ಸಂಖ್ಯೆ ಹಾಕಿ. ಚಿಪ್ ಸಂಗೀತವಾಗಿದ್ದರೆ ಯಂತ್ರದ ಹೆಸರು ಬರೆಯಿರಿ. ಆರ್ಕೆಸ್ಟ್ರಾ ಆಗಿದ್ದರೆ ತಂಡದ ಹೆಸರು. ಟ್ಯಾಗ್, ಅಂದರೆ ಫೈಲಿನೊಳಗೆ ಬರೆದಿಡುವ ಹಾಡಿನ ವಿವರ, ತಿದ್ದುವ ಹಲವು ಸಾಫ್ಟ್‌ವೇರ್‌ಗಳಲ್ಲಿ ಅರೇಂಜರ್ ಅಂತ ಒಂದು ಖಾಲಿ ಜಾಗ ಇರುತ್ತದೆ, ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಆ ಮೂರು ಟ್ರ್ಯಾಕ್‌ಗಳಲ್ಲಿ ಅಲ್ಲಿ ಹಮಾಗುಚಿ ಅವರ ಹೆಸರು ಬರಬೇಕು.